ಮಗಳ ಮನೆಯ ದಾರಿ

ಬುಖಾರಾ
ಏಪ್ರಿಲ್ ೧೨, ೨೦೦೪

ನನ್ನ ಕಂದ ಬೆಹ್ಜೋದ್,

ಹೇಗಿದ್ದೀಯಪ್ಪಾ? ಕೊರಿಯಾದಲ್ಲಿ ಚಳಿ ಕಡಿಮೆಯಾಯಿತೇ? ಬೆನ್ನುನೋವು ಅಂದಿದ್ದೆಯಲ್ಲ, ಉಣ್ಣೆ ಪಟ್ಟಿ ಕಟ್ಟಿಕೊಳ್ಳುವುದನ್ನು ಮರೆಯಬೇಡ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನಿಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದಾರೆ. ಫೋನು ಅವರ ಕೋಣೆಯಲ್ಲಿದೆ, ಅವರೆದುರು ಇದನ್ನೆಲ್ಲ ಹೇಳಲಾಗದು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ನಮ್ಮ ಗಲ್ಲಿಗೆ ಯೆನ್ಸ್ ಅನ್ನುವ ಡೆನ್ಮಾರ್ಕಿನವನೊಬ್ಬ ಬಂದ. ಕೊಕ್ಕರೆ ಕಾಲು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ಊರನ್ನೆಲ್ಲ ನಡೆದೇ ನೋಡುತ್ತಾನಂತೆ, ಮಾಡಲು ಬೇರೆ ಕಸುಬಿಲ್ಲ. ರಿಪೇರಿ ಮಾಡಿಸಿ ಅಂತ ನಾನು ಗೋಗರೆದು ಸಾಕಾದ ನಮ್ಮ ಹಾಳು ಬಾಗಿಲಿನ ಮುಂದೆ ನಿಂತು, ಆಹಾ ಎಷ್ಟು ಚಂದ ಅಂತ ಫೋಟೋ ತೆಗೆದ. ನಿಮ್ಮಪ್ಪ ಓಡಿಹೋಗಿ ಒಳಗೆ ಕರೆತಂದರು. ರಿಟೈರಾದ ರಷ್ಯನ್ ಮೇಷ್ಟ್ರಿಗೆ ರಷ್ಯನ್ ತೊದಲುವವನೊಬ್ಬ ಸಿಕ್ಕರೆ ಬಿಡುತ್ತಾರೆಯೇ? ಬಾಗಿಲು ಮುತ್ತಜ್ಜನ ಕಾಲದ್ದು ಅಂದರು. ನಮ್ಮ ಮದುವೆಯಾದ ಮೇಲೆ ಗುಜರಿಯಲ್ಲಿ ತಂದದ್ದು ಅದು. ಮಾರನೆಯ ದಿನ ಅವನಿಗೆ ಊರು ತೋರಿಸಲೂ ಹೊರಟರು.

ರೊಟ್ಟಿ ತನ್ನಿ ಅಂದರೆ ಈ ಮನುಷ್ಯನಿಗೆ ಮಂಡಿನೋವು. ಮೋಹಿರಾಳನ್ನು ನೋಡಿ ಬರೋಣ ಅಂದಾಗಲೆಲ್ಲ ಮಂಡಿನೋವು. ನಿನ್ನಕ್ಕ ತಾನೇ ಮೆಚ್ಚಿ ಲಾರಿ ಡ್ರೈವರನ್ನು ಕಟ್ಟಿಕೊಂಡಳು ಅನ್ನುವ ಸಿಟ್ಟನ್ನು ಬಾಯಿಬಿಟ್ಟು ಹೇಳುವಷ್ಟೂ ಧೈರ್ಯವಿಲ್ಲ. ನಾನೊಬ್ಬಳೇ ಹೋಗುತ್ತೇನೆ ಅಂದರೆ, ದಾರಿ ತಪ್ಪುತ್ತೀಯ ಅಂತ ಹೆದರಿಸುತ್ತಿದ್ದರು. ನಾನೂ ಹೆದರುತ್ತಿದ್ದೆ.

ಆ ಯೆನ್ಸ್ ಇಲ್ಲಿಗೆ ಬರುವ ಮೊದಲು ರೈಲು ಹಳಿಯ ಆಚೆ ದಾರಿ ತಪ್ಪಿ ಅಲೆಯುತ್ತಿದ್ದನಂತೆ. ಯಾರೋ ಪುಣ್ಯಾತ್ಗಿತ್ತಿ ಕರೆದು ಪಲಾವ್ ಬಡಿಸಿದ್ದಳಂತೆ. ಅವಳಿಗೆ ಮಿಠಾಯಿ ಕೊಟ್ಟು ಬರೋಣ ಬನ್ನಿ ಅಂತ ನಿಮ್ಮಪ್ಪನನ್ನು ಎಳೆದುಕೊಂಡು ಹೋದ. ಇವರೋ ದಾರಿಯುದ್ದಕ್ಕೂ ನಮ್ಮ ಜನರ ಅತಿಥಿ ಸತ್ಕಾರದ ಮೇಲೆ ಭಾಷಣ. ಬಾಗಿಲು ತೆರೆದವಳು ಮೋಹಿರಾ, ಸೊಂಟದ ಮೇಲೆ ಮಗು. "ಒಳಗೆ ಬನ್ನಿ ಅಪ್ಪಾ" ಅಂದಳಂತೆ. ಮಂಡಿ ನೋಯ್ತಿದೆ, ಇನ್ನೊಂದಿನ ಬರ್ತೀನಿ ಅಂದ ಭೂಪ, ಆ ಕೊಕ್ಕರೆಗೂ ಸಿಗದಷ್ಟು ಬೇಗ ಮನೆ ಸೇರಿದರು.

ನನಗೆ ಒಂದು ಮಾತೂ ಹೇಳಲಿಲ್ಲ. ಸಂಜೆ ಯೆನ್ಸ್ ಬಂದು, ನನ್ನಿಂದೇನಾದರೂ ತಪ್ಪಾಯಿತೇ, ಆ ಮೋಹಿರಾ ಅನ್ನುವ ಹೆಂಗಸು ಯಾಕೆ ಅತ್ತಳು ಅಂತ ಕೇಳಿದ. ಅವಳು ನನ್ನ ಮಗಳು ಅಂದೆ. ಅವನ ಕೈಯ ಚಹಾದ ಪಿಯಾಲೆ ಬಾಯಿಯ ಹತ್ತಿರವೇ ನಿಂತಿತು. ನಮ್ಮೂರಿನಲ್ಲಿ ನನ್ನ ಮಗಳ ಮನೆಯ ದಾರಿಯನ್ನು ನಾನು ಆ ಡೆನ್ಮಾರ್ಕಿನವನಿಂದ ಕೇಳಿ ತಿಳಿಯಬೇಕಾಯಿತು.

ಮಾರನೆಯ ಬೆಳಗ್ಗೆ ಒಬ್ಬಳೇ ಹೊರಟೆ. ಸಿಕ್ಕಸಿಕ್ಕವರನ್ನು ಕೇಳಿದೆ. ನೂಲು ಮಾರುವವಳೊಬ್ಬಳು ಅಂಗಡಿ ಬಿಟ್ಟು ತಿರುವಿನ ತನಕ ಜೊತೆಗೆ ಬಂದಳು. "ಯಾವೂರಿನವರಮ್ಮಾ ನೀವು?" ಅಂದಳು. ಇದೇ ಊರಿನವಳು ಅನ್ನಲು ನಾಚಿಕೆಯಾಗಿ ಸುಮ್ಮನೆ ನಕ್ಕೆ.

ಮಗುವಿನ ಹುಬ್ಬು ಥೇಟ್ ನಿನ್ನದೇ. ಮೋಹಿರಾ ನಿನ್ನನ್ನು ತುಂಬಾ ಕೇಳಿದಳು. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟು ಬೇಗ ನನ್ನ ಕಣ್ಣೆದುರಿಗೆ ತರಲಿ.

ನಿನ್ನ ಅಮ್ಮ,
ಸಲೋಮತ್

ಇನ್ನೊಂದು ಮಾತು: ನಾನಿನ್ನೂ ಮೋಹಿರಾಳ ಮನೆಯಲ್ಲೇ ಇದ್ದೇನೆ, ಇಲ್ಲಿ ಫೋನಿಲ್ಲ. ನಿನ್ನೆ ನಿಮ್ಮಪ್ಪ ಹೊಸ್ತಿಲಾಚೆ ನಿಂತು, ಚಹಾ ಡಬ್ಬಿ ಎಲ್ಲಿಟ್ಟಿದ್ದೀಯ ಅಂತ ಕೇಳಿದರು. ಒಳಗೆ ಬಂದು ಕೂತರೆ ಹೇಳುತ್ತೇನೆ ಅಂದೆ. ಹೊರಟೇಹೋದರು. ಅಮ್ಮ ನೆಂಟರ ಮನೆಗೆ ಹೋಗಿದ್ದಾಳೆ ಅಂತ ಫೋನಿನಲ್ಲಿ ಅಂದರೆ, ಯಾವ ನೆಂಟರು ಅಂತ ಕೇಳು. ಅವರ ಬಾಯಿಂದ ನಿನ್ನಕ್ಕನ ಹೆಸರು ಬರುವ ತನಕ ಫೋನ್ ಇಡಬೇಡ.