ಕೋಲ್ಬಿಯ ಕೊನೆಯ ಒದೆತ

ಕೋಲ್ಬಿ,

ಈ ಪತ್ರವನ್ನು ನಾನು ನಿನಗೆ ಕಳಿಸುವುದಿಲ್ಲ. ನಿನ್ನೆ ನೀನು ಎದುರಾಳಿ ಯೂನಿವರ್ಸಿಟಿಯ ನೀಲಿ ಅಂಗಿ ತೊಟ್ಟು ನಮ್ಮ ಸ್ಟೇಡಿಯಮ್ಮಿಗೆ ಬಂದಾಗ ಊರಿಗೆ ಊರೇ ಛೀ ಥೂ ಎಂದಿತು. ಹೋದ ವರ್ಷ ನೀನು ನಮ್ಮ ಕಾಲೇಜಿನ ಕೆಂಪು ಅಂಗಿಯಲ್ಲಿ ಆಡುವಾಗ ಇದೇ ಜನ ನಿನ್ನ ಹೆಸರು ಹೇಳಿ ಕುಣಿದಿದ್ದರು.

ಫುಟ್‌ಬಾಲ್ ಆಟದ ಕೊನೆಯ ಒದೆತ ನಿನ್ನದೇ ಆಯಿತು. ಚೆಂಡು ಕಂಬಗಳ ನಡುವೆ ಹಾದರೆ ನಾವು ಸೋತಂತೆ. ಪಕ್ಕದ ಸೀಟಿನ ಮುದುಕ ಹಾರ್ಲನ್ ನನ್ನ ತೋಳು ಹಿಡಿದ.

"ಅವನ ರೂಮಲ್ಲೇ ಇದ್ದೋನಲ್ವೇನೋ ನೀನು? ಏನ್ ಕೂಗಿದ್ರೆ ಅವನ ಕಾಲು ನಡುಗುತ್ತೆ, ಹೇಳು!"

"ಗೊತ್ತು. ಹೇಳಲ್ಲ."

"ಓದು ಅರ್ಧಕ್ಕೇ ಬಿಟ್ಟೋನು ನೀನು, ಹಂಗಾದ್ರೆ ನಮ್ಮ ಕೆಂಪು ಸ್ವೆಟರೂ ಬಿಚ್ಚಿಟ್ಟು ಹೋಗು!"

ನಾನು ಬಿಚ್ಚಲಿಲ್ಲ. ತೀರಿಹೋದ ನಿನ್ನಮ್ಮನ ಹೆಸರನ್ನು ಅವರ ಬಾಯಿಗೂ ಕೊಡಲಿಲ್ಲ. ಆದರೆ ನಿನ್ನ ಗುರಿ ತಪ್ಪಲಿ ಎಂದು ಬೇಡಿಕೊಂಡೆ, ಸುಳ್ಳು ಹೇಳುವುದಿಲ್ಲ.

ಚೆಂಡು ಕಂಬಕ್ಕೆ ಬಡಿದು ಹೊರಗೆ ಬಿತ್ತು, ನಾವು ಗೆದ್ದೆವು. ಹಾರ್ಲನ್ ನನ್ನನ್ನು ತಬ್ಬಿಕೊಂಡು ಅತ್ತ. ನಾನೂ ಗಂಟಲು ಹರಿಯುವಂತೆ ಕೂಗಿದೆ. ಬ್ಯಾಂಡಿನವರು ಕಾಲೇಜಿನ ಹಾಡು ಶುರು ಮಾಡಿದಾಗ ಎಲ್ಲರ ಜೊತೆ ಹಾಡುತ್ತಲೇ ಬೆಂಚು ಹತ್ತಿ ನಿನ್ನನ್ನು ಹುಡುಕಿದೆ. ನಮ್ಮವರೆಲ್ಲ ಮೈದಾನಕ್ಕೆ ನುಗ್ಗಿದ್ದರಿಂದ ನೀನು ಕಾಣಲಿಲ್ಲ.

ನಿಮ್ಮ ನೀಲಿ ಅಂಗಿಯ ಹುಡುಗರಲ್ಲಿ ಯಾರಾದರೂ ಸಮಾಧಾನ ಹೇಳಲು ನಿನ್ನ ಹತ್ತಿರ ಬಂದರೇನೋ?