ಉಳಿಸಿಟ್ಟ ಹನ್ನೊಂದು ಫೋಟೊ

ಪ್ರೀತಿಯ ಅತ್ತೆ,

ಅರಸೀಕೆರೆಯಿಂದ ನಿಮ್ಮ ಸೊಸೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಹಳೇಬೀಡಿಗೆ ಹೋದ ದಿನ ನೆನಪಿದೆಯೇ? ವೋಟರ್ ಕಾರ್ಡಿನಲ್ಲಿ ಗಂಟು ಮುಖ ಹಾಕಿಕೊಂಡಿದ್ದು ಬಿಟ್ಟರೆ ನಿಮ್ಮದೊಂದು ಫೋಟೊ ಇರಲಿಲ್ಲ. ದೊಡ್ಡ ನಂದಿಯ ಪಕ್ಕ ನಿಂತು, "ಸತ್ ಮೇಲೆ ಗೋಡೆಗೆ ಹಾಕ್ತೀರಲ್ಲ, ಅದಕ್ಕೆ ನಗ್ತಾ ಇರೋದೊಂದು ತೆಗಿಯೇ. ಮನೆಗ್ ಬಂದೋರು ಹೆದರ್ಕೋಬಾರ್ದು" ಎಂದಿರಿ. ಹೇಳಿ ನೀವೇ ನಕ್ಕಿರಿ. ನಾನು ಕ್ಲಿಕ್ ಮಾಡಿದೆ.

ಆಮೇಲೆ ವಾರಕ್ಕೊಮ್ಮೆ ಕೇಳುತ್ತಿದ್ದಿರಿ, "ನನ್ ಫೋಟೊ ಬಂತೇನೇ?" ಕ್ಯಾಮೆರಾದ ರೋಲಿನಲ್ಲಿ ಇನ್ನೂ ಹನ್ನೊಂದು ಫೋಟೊ ಉಳಿದಿದ್ದವು. ಮುಗಿಯದ ರೋಲನ್ನು ಯಾರಾದರೂ ತೊಳೆಸುತ್ತಾರೆಯೇ? "ನಾಮಕರಣಕ್ಕೆ ಆಗುತ್ತೆ, ಎಲ್ಲ ಒಟ್ಟಿಗೆ ತೊಳೆಸೋಣ" ಎಂದೆ. ಇನ್ನೂ ಬಸಿರೇ ಆಗದವಳ ಜಂಬ ನೋಡಿ! ವರ್ಷ ಕಳೆದರೂ ಮಗುವಾಗದಿದ್ದಾಗ ನೀವು ಫೋಟೊ ಕೇಳುವುದನ್ನೇ ಬಿಟ್ಟಿರಿ. ನನಗೆ ನೋವಾದೀತೆಂದು ಬಾಯಿ ಮುಚ್ಚಿಕೊಂಡಿರಿ. ಅದು ನನಗೆ ಗೊತ್ತಾಗಲಿಲ್ಲವೆಂದುಕೊಂಡಿರಾ?

ನೀವು ಹೋದಾಗ ಆ ವೋಟರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಆಗಲಾದರೂ ರೋಲು ಹಿಡಿದು ಸ್ಟುಡಿಯೋಗೆ ಓಡಬೇಕಿತ್ತು. ನಗುವ ನಿಮ್ಮನ್ನು ನೋಡುವ ಧೈರ್ಯ ನನಗೆ...

ಐದು ವರ್ಷದ ಮೇಲೆ ಹೆಣ್ಣು ಮಗುವಾಯಿತು, ಅತ್ತೆ. ನಾಮಕರಣದಲ್ಲಿ ಹನ್ನೊಂದೂ ಮುಗಿಸಿದೆ. ಬಾಣಂತನ ಮುಗಿಸಿ ಸ್ಟುಡಿಯೋಗೆ ಹೋದರೆ, "ತೊಳೆಯೋ ಮಿಷನ್ನೇ ಗುಜರಿಗೆ ಹಾಕ್ಬಿಟ್ವಲ್ಲಮ್ಮ. ಹೋದ್ ವರ್ಷ ತಂದಿದ್ರೂ ಆಗಿರೋದು" ಎಂದರು. ಬೇಲೂರಿನಲ್ಲೂ ಅದೇ ಮಾತು. ಕೊನೆಗೆ ಬೆಂಗಳೂರಿಗೆ ಕಳಿಸಿದೆ. ಎರಡು ತಿಂಗಳ ಮೇಲೆ ಬಂತು. ನಾಮಕರಣದವು ಚೆನ್ನಾಗಿವೆ. ನಿಮ್ಮದರಲ್ಲಿ ಸೀರೆಯ ಅಂಚು ಕಾಣುತ್ತದೆ, ಮುಖವಿರುವ ಕಡೆ ಬರೀ ಮಬ್ಬು. ತೆಗೆದ ಫೋಟೊ ತೊಳೆಸದೆ ವರ್ಷಗಟ್ಟಲೆ ಇಟ್ಟರೆ ಹಳೆಯದಾಗಿ ಮಾಸಿಹೋಗುತ್ತದಂತೆ. ನಾನೇ ಹಳೆಯದು ಮಾಡಿದ್ದು. ಕ್ಷಮಿಸುತ್ತೀರಾ?

ಈಗ ಮಗಳಿಗೆ ನಾಲ್ಕು ತುಂಬಿದೆ. ಮೊನ್ನೆ ಗೋಡೆಯ ಫೋಟೊ ತೋರಿಸಿ, "ಅಜ್ಜಿ ಯಾವಾಗ್ಲೂ ಬೈತಿದ್ರಾ?" ಎಂದು ಕೇಳಿದಳು. ಇಲ್ಲ, ತುಂಬ ನಗೋರು ಎಂದೆ. ನಂಬಲಿಲ್ಲ. "ಹೆಂಗೆ ನಗ್ತಿದ್ರು, ತೋರ್ಸು" ಎಂದು ಹಟ ಹಿಡಿದಳು. ನಿಮ್ಮ ಹಾಗೆ ನಕ್ಕು ತೋರಿಸಲು ಹೋದೆ. ಅಳು ತಡೆಯಲಾಗಲಿಲ್ಲ.

ಅವಳೀಗ ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ: "ನಮ್ಮಜ್ಜಿ ನಕ್ರೆ ಕಣ್ಣಲ್ಲಿ ನೀರು ಬರ್ತಿತ್ತಂತೆ."