ಕ್ಷೌರದಂಗಡಿಯ ಇಂಗ್ಲಿಷ್

ಮನೆಯಿಂದ,
ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹೇಗಿದ್ದೀಯೆ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರಬೇಡವೆಂದರೆ ನೀನೆಲ್ಲಿ ಕೇಳುತ್ತೀಯೆ, ಅಪ್ಪನ ಮಗಳಲ್ಲವೇ. ಅಳಿಯಂದಿರೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದಂತೆ ಚೆನ್ನಾಗಿದ್ದೇನೆ.

ಈಗ ಸುದ್ದಿ. ನಿಮ್ಮಪ್ಪ ಇಂಗ್ಲಿಷ್ ಕಲಿಯುತ್ತಿದ್ದಾರೆ. ನಗಬೇಡ. ನಮ್ಮ ಮಾತು ಬಾರದ ಹುಡುಗನನ್ನು ನೀನು ಕಟ್ಟಿಕೊಂಡೆಯೆಂದು ಮದುವೆಗೂ ಬಾರದೆ, ಎರಡು ವರ್ಷ ಅಳಿಯಂದಿರ ಸುದ್ದಿಯೆತ್ತದೆ ಬಿಗಿದುಕೊಂಡಿದ್ದ ಮನುಷ್ಯ, ಒಂದು ದಿನ ಊಟದ ನಡುವೆ ಕೈ ನಿಲ್ಲಿಸಿ, "ಅವನ ಹತ್ರ ಮಾತಾಡ್ಬೇಕಂದ್ರೆ ಯಾವ ಭಾಷೇಲಿ ಮಾತಾಡೋದೇ?" ಎಂದು ಕೇಳಿದರು. ನಾನು ಇಂಗ್ಲಿಷ್ ಎಂದೆ, ನನಗೇನೋ ಅದು ಬರುವ ಹಾಗೆ.

ಗುರು ಯಾರು ಗೊತ್ತೇ? ದಿನ ಬಿಟ್ಟು ದಿನ ಅಂಗಡಿಗೆ ಗಡ್ಡ ತೆಗೆಸಿಕೊಳ್ಳಲು ಬರುವ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಉಳಿದ ಗಿರಾಕಿಗಳ ಮೇಲೂ ಪ್ರಯೋಗ ನಡೆಯುತ್ತದೆ; ಕತ್ತಿಗೆ ಕುತ್ತಿಗೆ ಕೊಟ್ಟು ಕೂತವರು ತಪ್ಪೆಂದು ಹೇಳುವುದುಂಟೇ? ಎಲ್ಲರೂ ಭೇಷ್ ಎನ್ನುತ್ತಾರೆ. ಮೇಷ್ಟ್ರು ಮಾತ್ರ ಮುಖದ ತುಂಬ ನೊರೆಯಿದ್ದರೂ ಬಿಡುವುದಿಲ್ಲ. ಹೇಗಿದ್ದೀರಿ, ಕುಳಿತುಕೊಳ್ಳಿ ಎಂಬ ಮಾಮೂಲಿ ಮಾತೆಲ್ಲ ಬೇಗ ಬಂತು. "ಹೀಗಾಗಿದ್ದರೆ ಹಾಗೆ ಮಾಡುತ್ತಿದ್ದೆ" ಎನ್ನುವ ವಾಕ್ಯ ಮಾತ್ರ ನೀರು ಕುಡಿಸಿತು. ಮೊದಲರ್ಧದಲ್ಲಿ ಹ್ಯಾಡ್ ಬಂದರೆ ಇನ್ನರ್ಧದಲ್ಲಿ ವುಡ್ ಹ್ಯಾವ್ ಬರಬೇಕಂತೆ. ಇವರು ಅಲ್ಲಿ ವಿಲ್ ಹಾಕಿ ಕೂರುತ್ತಿದ್ದರು. "ಹಿಂದಕ್ಕೆ ಹೋದ್ಮೇಲೆ ಪೂರ್ತಿ ಹೋಗಪ್ಪ, ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ರೆ ಆಗಲ್ಲ" ಎಂದು ಮೇಷ್ಟ್ರು ಗದರಿದರಂತೆ. ಅಷ್ಟು ಕಷ್ಟವಾದರೆ ಬೇರೆ ವಾಕ್ಯ ಕಲಿಯಬಾರದೇ ಎಂದೆ ನಾನು. "ನಂಗೆ ಬೇಕಿರೋದೇ ಅದು ಕಣೇ" ಎಂದರು.

ನಿನ್ನೆ ಊಟದ ಡಬ್ಬಿ ಕೊಡಲು ಹೋದಾಗ ಅಂಗಡಿಯಲ್ಲಿ ಮೇಷ್ಟ್ರನ್ನು ಬಿಟ್ಟರೆ ಯಾರೂ ಇರಲಿಲ್ಲ. ನಿಮ್ಮಪ್ಪ ಕನ್ನಡಿಯೆದುರು ನೆಟ್ಟಗೆ ನಿಂತು, "ಇಫ್ ಐ ಹ್ಯಾಡ್ ಮೆಟ್ ಯು, ಐ ವುಡ್ ಹ್ಯಾವ್ ಕಮ್ ಟು ದ ವೆಡ್ಡಿಂಗ್" ಎಂದರು. ಅಳಿಯಂದಿರಿಗೆ ಹೇಳಲೆಂದು ಕಲಿತ ಮಾತು; ನಿನ್ನನ್ನು ಮೊದಲೇ ನೋಡಿದ್ದರೆ ಮದುವೆಗೆ ಬರುತ್ತಿದ್ದೆ ಎಂದು ಅರ್ಥವಂತೆ. ತೊದಲಿಲ್ಲ, ತಡವರಿಸಲಿಲ್ಲ. ಮೇಷ್ಟ್ರು ತಿದ್ದಲು ಏನೂ ಸಿಗದೆ ಪೇಪರು ಮಡಿಸಿಟ್ಟರು. ಹಿಡಿದ ಹಟ ಬಿಟ್ಟು ಗೊತ್ತಿಲ್ಲದ ಮನುಷ್ಯ ಈ ವಯಸ್ಸಿನಲ್ಲಿ ತಾನು ಸೋತೆನೆಂದು ಹೇಳಲು ಒಂದು ಭಾಷೆಯನ್ನೇ ಕಲಿತರಲ್ಲ, ನನಗೆ ಹೇಳಲಾರದಷ್ಟು ಹೆಮ್ಮೆಯಾಯಿತು. ಎದುರಿಗೆ ಹೇಳಲಿಲ್ಲ, ತಲೆಯ ಮೇಲೆ ಕೂರುತ್ತಾರೆ.

ನೂರು ಕಾಲ ಇಬ್ಬರೂ ನಗುನಗುತ್ತಾ ಬಾಳಿರಿ.

ನಿನ್ನ ಅಮ್ಮ

ಮರೆಯುವ ಮುಂಚೆ: ಕಾಗದ ಮಡಿಸುವಷ್ಟರಲ್ಲಿ ನಿಮ್ಮಪ್ಪ ಅಂಗಡಿಯಿಂದ ಓಡಿಬಂದರು. ಮುಂದಿನ ವಾರದ ಭಾನುವಾರ, ಗಿರಾಕಿಗಳು ಸಾಲು ನಿಲ್ಲುವ ದಿನವೇ, ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟು ಬರುತ್ತೇವೆ. ಇದನ್ನು ಅವರ ಮಾತಿನಲ್ಲೇ ಬರೆಯಬೇಕಂತೆ: "ಅಳಿಯಂದ್ರಿಗೆ ಹೇಳು, ಅಲ್ಲೀವರೆಗೂ ಬೇರೆ ಯಾರ ಹತ್ರಾನೂ ಕೂದಲು ತೆಗೆಸ್ಕೋಬಾರ್ದು."